ಕಾರ್ಪೆಟ್ ತೊಳೆಯುವ ಮೆಷಿನ್ ನೀರೂ ಬಿಡುವುದಿಲ್ಲ, ಸರಿಯಾಗಿ ಎಳೆಯುವುದೂ ಇಲ್ಲ. ಸಹಾಯ ಬೇಕು

ಬಿಜೈ ಟೀಚರ್ · ಸೋಮವಾರ ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಾರ್ಪೆಟ್ ತೊಳೆಯುವ ಮೆಷಿನ್ ಕೈಕೊಟ್ಟಿದೆ. ಗೊತ್ತಿದ್ದವರು ಸ್ವಲ್ಪ ದಾರಿ ತೋರಿಸಿ.

ಮಗ ಕುವೈತಿನಲ್ಲಿದ್ದಾನೆ. ನಾಲ್ಕು ವರ್ಷದ ಹಿಂದೆ ಊರಿಗೆ ಸಾಮಾನು ಕಳಿಸುವಾಗ ಹಾಲ್‌ಗೆ ಒಂದು ದೊಡ್ಡ ಕಾರ್ಪೆಟ್ ಮತ್ತು ಈ ಮೆಷಿನ್ ಕಳಿಸಿದ. ನಿಂತುಕೊಂಡು ದೂಡುವ ಮಾದರಿ. ಎರಡು ಟ್ಯಾಂಕ್ ಉಂಟು. ಒಂದಕ್ಕೆ ಒಳ್ಳೆ ನೀರು ಮತ್ತು ಸೋಪು, ಇನ್ನೊಂದಕ್ಕೆ ಎಳೆದುಕೊಂಡ ಕೊಳೆನೀರು. ಕೆಳಗೆ ತಿರುಗುವ ಬ್ರಷ್. ಸೋಫಾ ತೊಳೆಯಲು ಉದ್ದ ಪೈಪು, ಅದರ ತುದಿಗೆ ಸಣ್ಣ ಬಾಯಿ.

ಮೇ ಕೊನೆಗೆ ಒಮ್ಮೆ ಕಾರ್ಪೆಟ್ ತೊಳೆದು, ಮೆಷಿನನ್ನು ಅಟ್ಟದಲ್ಲಿ ಇಟ್ಟಿದ್ದೆ. ದಸರಾ ಮುಗಿದ ಮೇಲೆ ಈಗ ಕೆಳಗೆ ಇಳಿಸಿದೆ. ಸ್ವಿಚ್ ಹಾಕಿದರೆ ಮೋಟಾರ್ ಓಡುತ್ತದೆ, ಬ್ರಷ್ ತಿರುಗುತ್ತದೆ. ಆದರೆ ಹಿಡಿಯ ಬಟನ್ ಒತ್ತಿದರೆ ಒಂದು ಹನಿ ನೀರೂ ಬರುವುದಿಲ್ಲ. ಹಾಗೆಂದು ಮಗ್ಗಿನಲ್ಲಿ ನೀರು ಚಿಮುಕಿಸಿ ಎಳೆದು ನೋಡಿದೆ. ಅದೂ ಸರಿ ಇಲ್ಲ. ಕಾರ್ಪೆಟ್ ಒದ್ದೆ ಒದ್ದೆ, ಚಂಡಿಯಾಗಿಯೇ ಉಳಿಯಿತು. ಟ್ಯಾಂಕ್ ಮುಚ್ಚಳ ತೆರೆದರೆ ಕಮಟು ವಾಸನೆ.

ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಂಡುಹೋದೆ. ಬಿಚ್ಚಿಯೂ ನೋಡಲಿಲ್ಲ. "ಇದರ ಸ್ಪೇರ್ ಇಲ್ಲಿ ಸಿಗುವುದಿಲ್ಲ ಟೀಚರ್, ಹೊಸದು ತೆಗೊಳ್ಳಿ" ಎಂದರು. ನಾಲ್ಕೇ ವರ್ಷದ ಮೆಷಿನ್. ಎಸೆಯಲು ಮನಸ್ಸು ಬರುವುದಿಲ್ಲ.

ದೀಪಾವಳಿಗೆ ಮಗಳು ಬೆಂಗಳೂರಿನಿಂದ ಬರುತ್ತಾಳೆ. ಮೊಮ್ಮಗ ಅಂಬೆಗಾಲಿಡಲು ಶುರು ಮಾಡಿದ್ದಾನಂತೆ. ಆ ಕಾರ್ಪೆಟ್ ಮೇಲೆಯೇ ಓಡಾಡುವವನು. ಅಷ್ಟರೊಳಗೆ ಇದನ್ನು ಸರಿ ಮಾಡಬೇಕು.

ಸಂತೆಕಟ್ಟೆ ರಿಪೇರಿ · ಸೋಮವಾರ ಬೆಳಿಗ್ಗೆ 11:15

ಟೀಚರೇ, ಎಸೆಯಬೇಡಿ. ಮೋಟಾರ್ ಓಡುತ್ತದೆ, ಬ್ರಷ್ ತಿರುಗುತ್ತದೆ ಎಂದರೆ ಮೆಷಿನಿನ ಜೀವ ಗಟ್ಟಿ ಉಂಟು. ನಾನು ಉಡುಪಿಯಲ್ಲಿ ಮಿಕ್ಸಿ, ವ್ಯಾಕ್ಯೂಮ್, ಪ್ರೆಷರ್ ವಾಷರ್ ರಿಪೇರಿ ಮಾಡುವವನು. ಗಲ್ಫಿನಿಂದ ಬಂದ ಇಂಥ ಮೆಷಿನ್ ವರ್ಷಕ್ಕೆ ನಾಲ್ಕೈದಾದರೂ ನನ್ನ ಬೆಂಚಿಗೆ ಬರುತ್ತವೆ. ಹೆಚ್ಚಿನವು ಬರುವುದು ಮಳೆಗಾಲ ಮುಗಿದ ಮೇಲೆಯೇ.

ಒಂದು ವಿಷಯ ಮನಸ್ಸಿನಲ್ಲಿಡಿ. ಈ ಡಬ್ಬದೊಳಗೆ ಇರುವುದು ಎರಡು ಬೇರೆ ಬೇರೆ ಮೆಷಿನ್. ಒಂದು ನೀರು ಚಿಮುಕಿಸುವುದು: ಟ್ಯಾಂಕ್, ಅದರ ಅಡಿಯ ವಾಲ್ವ್, ಸಣ್ಣ ಜಾಲರಿ, ಪಂಪ್, ತೆಳು ಟ್ಯೂಬ್, ಕೊನೆಗೆ ನೀರು ಹೊರಬರುವ ಸಣ್ಣ ಮೂತಿ, ಅಂದರೆ ನಾಝಲ್. ಇನ್ನೊಂದು ಎಳೆಯುವುದು: ಬಾಯಿ, ದಪ್ಪ ಪೈಪ್, ಕೊಳೆನೀರಿನ ಟ್ಯಾಂಕ್, ಅದರ ಮುಚ್ಚಳ, ನೀರು ತುಂಬಿದರೆ ತೇಲಿ ದಾರಿ ಮುಚ್ಚುವ ಫ್ಲೋಟ್, ಫಿಲ್ಟರ್, ಆಮೇಲೆ ಮೋಟಾರ್ ಫ್ಯಾನ್. ಒಂದು ಹಾಳಾದರೆ ಇನ್ನೊಂದು ಹಾಳಾಗಬೇಕೆಂದಿಲ್ಲ. ನಿಮ್ಮದರಲ್ಲಿ ಎರಡಕ್ಕೂ ತೊಂದರೆ ಬಂದಿದೆ. ಹಾಗಾಗಿ ಒಂದೊಂದಾಗಿ ನೋಡುವ. ಮೊದಲು ಎಳೆಯುವ ಕಡೆ.

ಇಷ್ಟು ಮಾಡಿ ತಿಳಿಸಿ. ಕಾರ್ಪೆಟ್ ಬದಿಗಿಡಿ. ಬಕೆಟಿನಲ್ಲಿ 2 ಲೀಟರ್ ನೀರು ತೆಗೊಂಡು ಸೋಫಾ ಪೈಪಿನ ಬಾಯಿಯನ್ನು ಅದರಲ್ಲಿ ಅದ್ದಿ. ಸರಿ ಇದ್ದ ಮೆಷಿನ್ ಅದನ್ನು ಗಟಗಟ ಎಳೆದುಬಿಡುತ್ತದೆ. ಆಮೇಲೆ ಪೈಪಿನ ಬಾಯಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮೋಟಾರಿನ ಸ್ವರ ಕೇಳಿ. ಸ್ವರ ಮೇಲೇರುತ್ತದಾ, ಇದ್ದ ಹಾಗೆಯೇ ಇರುತ್ತದಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ರಿಪೇರಿ ಆದ ಹಾಗೆ.

ಪಾಲಿಟೆಕ್ನಿಕ್ ಮೇಷ್ಟ್ರು · ಸೋಮವಾರ ಮಧ್ಯಾಹ್ನ 1:05

ಟೀಚರ್, ಪರೀಕ್ಷೆ ಶುರು ಮಾಡುವ ಮೊದಲು ನನ್ನದೂ ಒಂದು ಮಾತು ಕೇಳಿ. ನಾನು ಎಲೆಕ್ಟ್ರಿಕಲ್ ಕಲಿಸುವವನು. ನೀರು ಮತ್ತು ಕರೆಂಟ್ ಒಂದೇ ಡಬ್ಬದಲ್ಲಿರುವ ಸಾಮಾನು ಇದು. ಮುಚ್ಚಳ ತೆರೆಯುವಾಗ, ಬ್ರಷ್ ಮುಟ್ಟುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ತೆಗೆದು ಬದಿಗಿಡಿ. ಚಂಡಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಓಡಿಸಬೇಡಿ. ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಉಂಟಾ ನೋಡಿ. 30 ಮಿಲಿಆಂಪಿಯರಿನದ್ದು ಇರಬೇಕು. ಅದರ ಟೆಸ್ಟ್ ಬಟನ್ ಒತ್ತಿದರೆ ಕರೆಂಟ್ ಹೋಗಬೇಕು.

ಇನ್ನೊಂದು. ಕುವೈತಿನ ಪ್ಲಗ್‌ಗೆ ಮೂರು ಚಪ್ಪಟೆ ಪಿನ್ ಇರುತ್ತದೆ. ನೀವು ಅದನ್ನು ಹೇಗೆ ಹಾಕುತ್ತೀರಿ? ಮತ್ತು ಮೆಷಿನಿನ ಹಿಂದೆ ಅಂಟಿಸಿದ ಲೇಬಲ್ ಓದಿ, ವೋಲ್ಟ್, ಹರ್ಟ್ಝ್, ವ್ಯಾಟ್ ಎಷ್ಟು ಬರೆದಿದೆ ಹೇಳಿ.

ಬಿಜೈ ಟೀಚರ್ · ಸೋಮವಾರ ಸಂಜೆ 5:50

ಇಬ್ಬರಿಗೂ ತುಂಬ ಥ್ಯಾಂಕ್ಸ್. ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು ಮಾಡಿದೆ.

ಲೇಬಲ್: 220–240 ವೋಲ್ಟ್, 50 ಹರ್ಟ್ಝ್, 800 ವ್ಯಾಟ್. ಪ್ಲಗ್‌ಗೆ ಪೇಟೆಯಲ್ಲಿ ಸಿಗುವ ಬಿಳಿ ಅಡಾಪ್ಟರ್ ಹಾಕಿ ಉಪಯೋಗಿಸುತ್ತಿದ್ದೆ. ಇವತ್ತು ತೆಗೆದು ನೋಡಿದರೆ ಅದರ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ಬಿಸಿ.

ಬಕೆಟ್ ಪರೀಕ್ಷೆ: ನೀರು ನಿಧಾನವಾಗಿ ಮೇಲೇರುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಪುನಃ ಏರುತ್ತದೆ. 2 ಲೀಟರ್ ಮುಗಿಯಲೇ ಇಲ್ಲ. ಬಾಯಿಯನ್ನು ಅಂಗೈಯಿಂದ ಮುಚ್ಚಿದರೆ ಸ್ವರ ಸ್ವಲ್ಪವೂ ಬದಲಾಗುವುದಿಲ್ಲ. ಅಂಗೈಯನ್ನು ಹಿಡಿದು ಎಳೆದ ಹಾಗೂ ಆಗುವುದಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು · ಸೋಮವಾರ ಸಂಜೆ 6:30

ಆ ಅಡಾಪ್ಟರನ್ನು ಇವತ್ತೇ ಕಸಕ್ಕೆ ಹಾಕಿ. ಒಳಗಿನ ಲೋಹದ ಪಟ್ಟಿ ಸಡಿಲವಾಗಿ ಬಿಸಿಯಾಗುತ್ತಿದೆ. ಬೆಂಕಿ ಹಿಡಿಯುವುದು ಹೀಗೆಯೇ. ವೋಲ್ಟೇಜ್ ಸರಿ ಇರುವುದರಿಂದ ಟ್ರಾನ್ಸ್‌ಫಾರ್ಮರ್ ಏನೂ ಬೇಡ. ಹಳೆ ಪ್ಲಗ್ ಕತ್ತರಿಸಿ ನಮ್ಮ ಮೂರು ಪಿನ್ನಿನ ಒಳ್ಳೆ ಪ್ಲಗ್ ಹಾಕಿಸಿ. ಕಂದು ವಯರ್ ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಒಳಗೆ ಎರಡೇ ವಯರ್ ಕಂಡರೆ ಗಾಬರಿ ಬೇಡ. ಲೇಬಲ್ ಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಷನ್, ಅದಕ್ಕೆ ಅರ್ತ್ ಇರುವುದಿಲ್ಲ. ಕೈಯಲ್ಲಿ ಕೆಲಸ ಬಾರದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಹತ್ತು ನಿಮಿಷದ ಕೆಲಸ.

ಸಂತೆಕಟ್ಟೆ ರಿಪೇರಿ · ಸೋಮವಾರ ರಾತ್ರಿ 8:20

ಒಳ್ಳೆ ಸುದ್ದಿ ಕೊಟ್ಟಿರಿ ಟೀಚರೇ. ಸ್ವರ ಬದಲಾಗಲಿಲ್ಲ ಅಂದರೆ ಎಲ್ಲಿಂದಲೋ ಗಾಳಿ ಕದ್ದು ಒಳಗೆ ಬರುತ್ತಿದೆ.

ಯಾಕೆಂದು ಹೇಳುತ್ತೇನೆ. ಈ ಮೋಟಾರಿನ ಕೆಲಸ ಗಾಳಿ ತಳ್ಳುವುದು. ದಾರಿ ಪೂರ್ತಿ ಮುಚ್ಚಿದರೆ ತಳ್ಳಲು ಗಾಳಿಯೇ ಇಲ್ಲ, ಹೊರೆ ಇಳಿಯುತ್ತದೆ, ಮೋಟಾರ್ ಜೋರು ಓಡುತ್ತದೆ, ಸ್ವರ ಸಪೂರವಾಗಿ ಮೇಲೇರುತ್ತದೆ. ಬಾಯಿ ಮುಚ್ಚದೆಯೇ ಹಾಗೆ ಕಿರುಚಿದರೆ ಒಳಗೆ ಎಲ್ಲೋ ಬ್ಲಾಕ್ ಉಂಟು, ಅಥವಾ ಫ್ಲೋಟ್ ಮೇಲೆ ಹೋಗಿ ಸಿಕ್ಕಿಕೊಂಡಿದೆ. ನೀವು ಬಾಯಿ ಮುಚ್ಚಿದರೂ ಸ್ವರ ಏರಲಿಲ್ಲ. ಅಂದರೆ ಗಾಳಿ ಬೇರೆ ಕಡೆಯಿಂದ ಬರುತ್ತಿದೆ.

ಮೊದಲ ಅನುಮಾನ ಕೊಳೆನೀರಿನ ಟ್ಯಾಂಕಿನ ಮುಚ್ಚಳದ ಗ್ಯಾಸ್ಕೆಟ್ ಮೇಲೆ. ಕುಕ್ಕರ್ ಗ್ಯಾಸ್ಕೆಟ್ ಹಳತಾದರೆ ಬದಿಯಿಂದ ಆವಿ ಹೋಗುತ್ತದಲ್ವಾ, ಇಲ್ಲಿ ಅದರ ಉಲ್ಟಾ, ಗಾಳಿ ಒಳಗೆ ಬರುತ್ತದೆ. ಅಟ್ಟದ ಹೆಂಚಿನ ಅಡಿಯ ಸೆಕೆಗೆ ರಬ್ಬರ್ ಗಟ್ಟಿಯಾಗುತ್ತದೆ. ಮುಚ್ಚಳದ ಸುತ್ತ ಅಗಲದ ಪ್ಲಾಸ್ಟಿಕ್ ಟೇಪ್ ಒಂದು ಸುತ್ತು ಬಿಗಿಯಾಗಿ ಅಂಟಿಸಿ ಪುನಃ ಬಕೆಟ್ ಪರೀಕ್ಷೆ ಮಾಡಿ. ಎಳೆಯಲು ಶುರು ಮಾಡಿದರೆ ಕಳ್ಳ ಸಿಕ್ಕಿದ.

ಸುರತ್ಕಲ್ ಹುಡುಗ · ಸೋಮವಾರ ರಾತ್ರಿ 9:10

ಅಕ್ಕ, ನೀರು ಬಾರದಿರುವುದು ಪಂಪ್ ಸುಟ್ಟಿರುವುದಕ್ಕೆ ಅಂತ ನನಗೆ ಅನಿಸುತ್ತದೆ. ಐದು ತಿಂಗಳು ಸುಮ್ನೆ ಬಿದ್ದಿದ್ದರೆ ಒಳಗೆ ತುಕ್ಕು ಹಿಡಿದಿರಬಹುದು. ಇಂಥ ಪಂಪ್ ಆನ್‌ಲೈನಿನಲ್ಲಿ ಸಿಗುತ್ತದೆ. ತರಿಸಿ ಹಾಕಿಬಿಡಿ, ಸಮಯ ಉಳಿಯುತ್ತದೆ.

ಸಂತೆಕಟ್ಟೆ ರಿಪೇರಿ · ಸೋಮವಾರ ರಾತ್ರಿ 9:35

ತಮ್ಮಾ, ನಿನ್ನ ಸಹಾಯದ ಮನಸ್ಸು ಒಳ್ಳೆಯದು. ಆದರೆ ಇದಕ್ಕೆ ನಾನು ಒಪ್ಪುವುದಿಲ್ಲ. ನೋಡದೆ ಪಾರ್ಟ್ ತರಿಸಿದರೆ ದುಡ್ಡೂ ಹೋಗುತ್ತದೆ, ತೊಂದರೆಯೂ ಉಳಿಯುತ್ತದೆ. ಟ್ಯಾಂಕ್ ಕೂತದ್ದು ಸರಿ ಉಂಟಾ, ಜಾಲರಿ ಕಟ್ಟಿದೆಯಾ, ಒಳಗೆ ಗಾಳಿ ಸಿಕ್ಕಿಕೊಂಡಿದೆಯಾ, ನಾಝಲ್ ಮುಚ್ಚಿದೆಯಾ, ಈ ನಾಲ್ಕನ್ನು ನೋಡಲು ಒಂದು ಪೈಸೆ ಖರ್ಚಿಲ್ಲ. ಕೆಲವು ಮಾದರಿಯಲ್ಲಿ ಪಂಪನ್ನು ತಿರುಗಿಸುವುದು ದೊಡ್ಡ ಮೋಟಾರಿನಿಂದ ಬರುವ ಒಂದು ಸಣ್ಣ ಬೆಲ್ಟ್. ಅದು ತುಂಡಾದರೂ ನೀರು ನಿಲ್ಲುತ್ತದೆ. ಪಂಪಿನ ಸರದಿ ಇಷ್ಟೆಲ್ಲ ಆದ ಮೇಲೆ.

ಸುರತ್ಕಲ್ ಹುಡುಗ · ಸೋಮವಾರ ರಾತ್ರಿ 9:50

ಸರಿ ಅಣ್ಣ, ಬೆಲ್ಟ್ ವಿಷಯ ನನಗೆ ಗೊತ್ತಿರಲಿಲ್ಲ. ಟೀಚರ್, ನೀವು ಅಣ್ಣ ಹೇಳಿದ ಹಾಗೆಯೇ ಮಾಡಿ. ಬಿಚ್ಚುವಾಗ ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಜೋಡಿಸುವಾಗ ಬೇಕಾಗುತ್ತದೆ.

ಮಣಿಪಾಲ ಹೌಸ್‌ಕೀಪಿಂಗ್ · ಮಂಗಳವಾರ ಬೆಳಿಗ್ಗೆ 7:30

ಟೀಚರ್, ನಾನು ಹೋಟೆಲಿನಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಮ್ಮ ಮೆಷಿನ್ ದೊಡ್ಡದು, ಆದರೆ ಒಳಗಿನ ಸಂಗತಿ ಒಂದೇ. ಕೇಳಬೇಕಾದ ಪ್ರಶ್ನೆ ಒಂದುಂಟು. ಮೇ ತಿಂಗಳಲ್ಲಿ ತೊಳೆಯುವಾಗ ಯಾವ ಸೋಪು ಹಾಕಿದ್ದಿರಿ? ಆಮೇಲೆ ಬರೇ ನೀರು ಹಾಕಿ ಓಡಿಸಿದ್ದಿರಾ?

ಬಿಜೈ ಟೀಚರ್ · ಮಂಗಳವಾರ ಬೆಳಿಗ್ಗೆ 8:45

ನಿಜ ಹೇಳುತ್ತೇನೆ. ಮಗ ಕಳಿಸಿದ ಸೋಪು ಮುಗಿದಿತ್ತು. ಬಟ್ಟೆ ಒಗೆಯುವ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿದ್ದೆ. ನೊರೆ ತುಂಬ ಬಂದಿತ್ತು. ಆಮೇಲೆ ಟ್ಯಾಂಕ್ ಚೆಲ್ಲಿ ಮುಚ್ಚಿಟ್ಟೆ. ಬರೇ ನೀರು ಓಡಿಸಲಿಲ್ಲ. ಹಾಗೆ ಮಾಡಬೇಕೆಂದು ಗೊತ್ತಿರಲಿಲ್ಲ.

ಮಣಿಪಾಲ ಹೌಸ್‌ಕೀಪಿಂಗ್ · ಮಂಗಳವಾರ ಬೆಳಿಗ್ಗೆ 9:20

ಬೇಜಾರು ಮಾಡಬೇಡಿ, ಹೆಚ್ಚಿನವರು ಮಾಡುವುದು ಇದನ್ನೇ. ಬಟ್ಟೆ ಪುಡಿ ಪೂರ್ತಿ ಕರಗುವುದಿಲ್ಲ. ಉಳಿದದ್ದು ಒಣಗಿ ಜಾಲರಿಯಲ್ಲಿ, ನಾಝಲಿನಲ್ಲಿ ಸುಣ್ಣದ ಹಾಗೆ ಕೂರುತ್ತದೆ. ನೊರೆಯದ್ದು ಬೇರೆ ತೊಂದರೆ. ಟ್ಯಾಂಕ್ ತುಂಬಿದಾಗ ನೀರು ಮೋಟಾರಿಗೆ ಹೋಗಬಾರದೆಂದು ಫ್ಲೋಟ್ ಇಟ್ಟಿರುತ್ತಾರೆ. ನೊರೆ ಅದನ್ನು ಮೊದಲೇ ಎತ್ತಿಬಿಡುತ್ತದೆ, ಇಲ್ಲವಾದರೆ ಅದರ ಬದಿಯಿಂದ ನುಸುಳಿ ಮೋಟಾರಿಗೇ ಹೋಗುತ್ತದೆ. ಕಾರ್ಪೆಟಿನಲ್ಲಿ ಉಳಿದ ಸೋಪು ಅಂಟಂಟಾಗಿ ಪುನಃ ಬೇಗ ಧೂಳು ಹಿಡಿಯುತ್ತದೆ. ಅಂಬೆಗಾಲಿಡುವ ಮಗುವಿನ ಅಂಗೈಗೂ ಅದು ಒಳ್ಳೆಯದಲ್ಲ.

ಕಾರ್ಪೆಟ್ ಮೆಷಿನಿಗೆಂದೇ ನೊರೆ ಕಡಿಮೆ ಬರುವ ದ್ರಾವಣ ಸಿಗುತ್ತದೆ. ಅದನ್ನೂ ಬಾಟಲಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಹಾಕಬೇಡಿ. ಈಗ ಕಾರ್ಪೆಟಿನಲ್ಲಿ ಹಳೆ ಪುಡಿ ಇರುವುದರಿಂದ ಮೊದಲ ಸಲ ಸೋಪೇ ಬೇಡ, ಬರೇ ಉಗುರುಬೆಚ್ಚಗಿನ ನೀರು ಸಾಕು. ನೊರೆ ಬಂದರೆ ಕೊಳೆನೀರಿನ ಟ್ಯಾಂಕಿಗೆ ಒಂದು ಮುಚ್ಚಳ ಬಿಳಿ ವಿನೆಗರ್ ಹಾಕಿ, ಇಳಿಯುತ್ತದೆ. ಕುದಿಯುವ ನೀರು ಮಾತ್ರ ಯಾವತ್ತೂ ಹಾಕಬೇಡಿ. ಟ್ಯಾಂಕ್ ಸೊಟ್ಟಗಾಗುತ್ತದೆ, ಆಮೇಲೆ ಯಾವ ಗ್ಯಾಸ್ಕೆಟ್ ಹಾಕಿದರೂ ಗಾಳಿ ನಿಲ್ಲುವುದಿಲ್ಲ.

ಕುಂದಾಪುರದವ · ಮಂಗಳವಾರ ಬೆಳಿಗ್ಗೆ 10:40

ನೀರು ಯಾವುದು ಟೀಚರ್? ನಳ್ಳಿಯದ್ದಾ, ಬೋರಿನದ್ದಾ? ನನ್ನ ಮೆಷಿನಿನ ಎರಡು ನಾಝಲೂ ಬೋರಿನ ನೀರಿಗೆ ಕೆಂಪಾಗಿ ಕಟ್ಟಿಹೋಗಿದ್ದವು. ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಕೆಟಿನಲ್ಲಿ ಒಂದು ರಾತ್ರಿ ಇಟ್ಟರೆ ಅಡಿಯಲ್ಲಿ ಕೇಸರಿ ಗಸಿ ನಿಲ್ಲುತ್ತದಲ್ವಾ, ಅದೇ ಟ್ಯೂಬಿನೊಳಗೂ ಕೂರುತ್ತದೆ.

ಬಿಜೈ ಟೀಚರ್ · ಮಂಗಳವಾರ ಸಂಜೆ 6:15

ನಳ್ಳಿಯಲ್ಲಿ ತುಂಬೆ ಅಣೆಕಟ್ಟಿನ ನೀರು ಬರುತ್ತದೆ. ಆದರೆ ಮೇ ತಿಂಗಳಲ್ಲಿ ನಳ್ಳಿ ನೀರು ದಿನ ಬಿಟ್ಟು ದಿನ ಇತ್ತು. ಹಾಗಾಗಿ ಅಂಗಳದ ಬೋರಿನ ನೀರನ್ನೇ ಹಾಕಿದ್ದೆ. ನೀವು ಹೇಳಿದ ಕೇಸರಿ ಗಸಿ ನಮ್ಮ ಬಕೆಟಿನಲ್ಲೂ ಉಂಟು.

ಈಗ ಇವತ್ತಿನ ಸುದ್ದಿ. ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಬದಲಿಸಿದರು. ಆಮೇಲೆ ಟೇಪ್ ಸುತ್ತಿ ಬಕೆಟ್ ಪರೀಕ್ಷೆ ಮಾಡಿದೆ. 2 ಲೀಟರ್ ಕಣ್ಣ ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು! ಅಂಗೈ ಇಟ್ಟರೆ ಬಿಗಿಯಾಗಿ ಹಿಡಿಯುತ್ತದೆ, ಸ್ವರ ಮೇಲೇರುತ್ತದೆ. ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಮುಚ್ಚಳ ತೆರೆದು ಗ್ಯಾಸ್ಕೆಟ್ ನೋಡಿದೆ. ಒಂದು ಮೂಲೆಯಲ್ಲಿ ಸುಮಾರು ನಾಲ್ಕು ಬೆರಳು ಅಗಲ ತಾನು ಕೂರುವ ತಗ್ಗಿನಿಂದ ಎದ್ದು ಬಂದಿದೆ. ಹಿಚುಕಿದರೆ ಪ್ಲಾಸ್ಟಿಕ್ ಹಾಗೆ ಗಟ್ಟಿ. ಫ್ಲೋಟಿನ ಸುತ್ತ ಕೂದಲು, ನೂಲು. ಎಲ್ಲ ತೆಗೆದು ತೊಳೆದೆ. ರಬ್ಬರಿಗೆ ತೆಂಗಿನೆಣ್ಣೆ ಹಚ್ಚಿದರೆ ಮೆತ್ತಗಾಗುತ್ತದಾ?

ಸಂತೆಕಟ್ಟೆ ರಿಪೇರಿ · ಮಂಗಳವಾರ ರಾತ್ರಿ 8:05

ಭಾರೀ ಒಳ್ಳೆದಾಯಿತು ಟೀಚರೇ. ತೆಂಗಿನೆಣ್ಣೆ ಬೇಡ, ವ್ಯಾಸಲೀನ್ ಕೂಡ ಬೇಡ. ಎಣ್ಣೆ ಕುಡಿದರೆ ಕೆಲವು ರಬ್ಬರ್ ಉಬ್ಬಿ ಮತ್ತೂ ಹಾಳಾಗುತ್ತದೆ. ಸಿಲಿಕೋನ್ ಗ್ರೀಸ್ ಅಂತ ಸಣ್ಣ ಟ್ಯೂಬ್ ಸಿಗುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಆದರೆ ನಿಮ್ಮದು ಅಷ್ಟು ಗಟ್ಟಿಯಾಗಿದ್ದರೆ ಗ್ರೀಸಿಗೂ ಬಗ್ಗುವುದಿಲ್ಲ. ಅದೇ ದಪ್ಪದ ಸಿಲಿಕೋನ್ ಕಾರ್ಡ್, ಅಂದರೆ ರಬ್ಬರಿನಂಥ ಹುರಿ, ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೆ ರಬ್ಬರಿನ ತುಂಡು ಕೊಂಡುಹೋಗಿ ತೋರಿಸಿ. ಆ ತಗ್ಗಿನ ಉದ್ದಕ್ಕೆ ಕತ್ತರಿಸಿ ಕೂರಿಸಿದರೆ ಆಯಿತು. ಎರಡು ತುದಿ ಸೇರುವ ಜಾಗ ಮೂಲೆಯಲ್ಲಿ ಬರಬಾರದು, ನೇರ ಬದಿಯ ನಡುವೆ ಬರಲಿ. ಅಷ್ಟರವರೆಗೆ ಟೇಪಿನಲ್ಲೇ ಕೆಲಸ ನಡೆಸಿ.

ಈಗ ನೀರಿನ ಕಡೆ. ಪ್ಲಗ್ ತೆಗೆದು ಒಳ್ಳೆ ನೀರಿನ ಟ್ಯಾಂಕ್ ಹೊರಗೆ ತೆಗೆಯಿರಿ. ಅಡಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ವಾಲ್ವ್ ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ನೀರು ಧಾರಾಳ ಸುರಿಯಬೇಕು. ಸುರಿಯದಿದ್ದರೆ ಅದೇ ಕಟ್ಟಿದೆ. ಟ್ಯಾಂಕ್ ಕೂರುವ ಜಾಗದಲ್ಲಿ ಒಂದು ಜಾಲರಿ ಇರುತ್ತದೆ. ಅದನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಪುನಃ ಕೂರಿಸುವಾಗ ಟಕ್ ಅಂತ ಸದ್ದು ಬರಬೇಕು. ಟ್ಯಾಂಕ್ ಒಂದು ನೂಲು ಮೇಲೆ ನಿಂತರೂ ವಾಲ್ವ್ ತೆರೆಯುವುದಿಲ್ಲ.

ಇಷ್ಟಾದರೂ ನೀರು ಬಾರದಿದ್ದರೆ ಪಂಪಿನೊಳಗೆ ಗಾಳಿ ಕೂತಿದೆ. ಬಾವಿಯ ಪಂಪ್‌ಗೆ ಗಾಳಿ ಹಿಡಿದರೆ ನೀರು ಹೊಯ್ದು ಏರಿಸುತ್ತೇವಲ್ವಾ, ಅದೇ ಕಥೆ. ಇಲ್ಲಿ ಮೇಲಿನಿಂದ ಹೊಯ್ಯಲು ಆಗುವುದಿಲ್ಲ, ಕೆಳಗಿನಿಂದ ಎಳೆಯಬೇಕು. ಮನೆಯಲ್ಲಿ ನೀರು ಎಳೆಯುವ ವ್ಯಾಕ್ಯೂಮ್ ಇನ್ನೊಂದು ಇದ್ದರೆ ಅದರ ಬಾಯಿಯನ್ನು ನಾಝಲ್‌ಗೆ ಒತ್ತಿ ಹಿಡಿಯಿರಿ, ಬಟನ್ ಒತ್ತಿ, ಅರ್ಧ ನಿಮಿಷ. ಇಲ್ಲದಿದ್ದರೆ ಟ್ಯಾಂಕಿಗೆ ಉಗುರುಬೆಚ್ಚಗಿನ ನೀರು ತುಂಬಿ ಮೆಷಿನ್ ಓಡಿಸಿ, ಬಟನನ್ನು ಒಂದು ನಿಮಿಷ ಒತ್ತಿ ಹಿಡಿದು ಸ್ವಲ್ಪ ಬಿಡಿ. ಮೂರ್ನಾಲ್ಕು ಸಲ ಮಾಡಿ. ನಿಲ್ಲಿಸದೆ ಹತ್ತು ನಿಮಿಷ ಒಣ ಪಂಪ್ ಓಡಿಸಬೇಡಿ, ನೀರಿಲ್ಲದೆ ಅದು ಕಾಯುತ್ತದೆ.

ಉಳ್ಳಾಲದ ಅಕ್ಕ · ಬುಧವಾರ ಬೆಳಿಗ್ಗೆ 10:10

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ತಮ್ಮ ಅಮೆರಿಕದಿಂದ ಇಂಥದೇ ಮೆಷಿನ್ ತಂದಿದ್ದ. ಲೇಬಲ್‌ನಲ್ಲಿ 120 ವೋಲ್ಟ್, 60 ಹರ್ಟ್ಝ್, 8 ಆಂಪಿಯರ್ ಅಂತ ಉಂಟು. ಇನ್ನೂ ಪ್ಲಗ್‌ಗೆ ಹಾಕಿಲ್ಲ. ಅಡಾಪ್ಟರ್ ಸಾಕಾ?

ಪಾಲಿಟೆಕ್ನಿಕ್ ಮೇಷ್ಟ್ರು · ಬುಧವಾರ ಬೆಳಿಗ್ಗೆ 10:55

ಅಕ್ಕ, ಹಾಕಬೇಡಿ! ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜ್ ಇಳಿಸುವುದಿಲ್ಲ. ನಮ್ಮ 230 ವೋಲ್ಟ್ ಸಿಕ್ಕಿದ ಕೂಡಲೇ ಮೋಟಾರ್ ಸುಡುತ್ತದೆ. 120 ವೋಲ್ಟನ್ನು 8 ಆಂಪಿಯರಿನಿಂದ ಗುಣಿಸಿದರೆ 960 ವೋಲ್ಟ್-ಆಂಪಿಯರ್, ಅಂದರೆ ವಿಎ. ಮೋಟಾರ್ ಸ್ಟಾರ್ಟ್ ಆಗುವಾಗ ಜಾಸ್ತಿ ಎಳೆಯುವುದರಿಂದ 1500 ವಿಎಯ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಎಳೆಯುವ ಮೋಟಾರಿಗೆ 50 ಹರ್ಟ್ಝ್ ಆದರೂ ನಡೆಯುತ್ತದೆ. ನೀರಿನ ಪಂಪ್ ಕರೆಂಟಿನ ತಾಳಕ್ಕೆ ಮಿಡಿಯುವ ಜಾತಿಯದ್ದಾದರೆ ನೀರು ಸ್ವಲ್ಪ ಕಡಿಮೆ ಬರಬಹುದು.

ಬಿಜೈ ಟೀಚರ್ · ಬುಧವಾರ ಸಂಜೆ 5:30

ವಾಲ್ವ್ ಒತ್ತಿದರೆ ನೀರು ಸುರಿಯಿತು. ಜಾಲರಿ ಪೂರ್ತಿ ಬಿಳಿ ಪುಡಿ ಮತ್ತು ಕೆಂಪು ಗಸಿ ಸೇರಿ ಗಾರೆಯ ಹಾಗೆ ಆಗಿತ್ತು. ತಿಕ್ಕಿ ತಿಕ್ಕಿ ತೆಗೆದೆ. ಆಮೇಲೆ ಬಟನ್ ಒತ್ತಿ ಹಿಡಿದು, ಬಿಟ್ಟು, ಪುನಃ ಒತ್ತಿದೆ. ಮೂರನೆಯ ಸಲ ಮೆಷಿನಿನ ಸದ್ದು ಬದಲಾಯಿತು. ಗಡಗಡ ಎಂದು ಗಾಳಿ ಉಗುಳಿತು, ನೀರು ಬಂತು!

ಆದರೆ ಪೂರ್ತಿ ಅಲ್ಲ. ಕೆಳಗೆ ಎರಡು ನಾಝಲ್ ಉಂಟು. ಎಡದ್ದು ಬೀಸಣಿಗೆ ಹಾಗೆ ಚೆಂದಕ್ಕೆ ಹರಡುತ್ತದೆ. ಬಲದ್ದು ತೊಟ್ಟಿಕ್ಕುತ್ತದೆ, ನೀರಿನ ಬಣ್ಣವೂ ಕಂದು. ಸೂಜಿ ಹಾಕಲು ಹೊರಟಿದ್ದೆ, ಯಾಕೋ ಕೇಳಿಯೇ ಮಾಡುವ ಅಂತ ನಿಲ್ಲಿಸಿದೆ.

ಕುಂದಾಪುರದವ · ಬುಧವಾರ ಸಂಜೆ 6:00

ನಿಲ್ಲಿಸಿದ್ದು ಒಳ್ಳೆಯದಾಯಿತು ಟೀಚರ್. ಸೂಜಿ ಹಾಕಿದರೆ ಸೀಳು ಅಗಲವಾಗುತ್ತದೆ, ಆಮೇಲೆ ನೀರು ಹರಡುವುದಿಲ್ಲ, ಒಂದೇ ಕಡೆ ಪಿಚಕಾರಿ ಹಾಗೆ ಹೊಡೆಯುತ್ತದೆ. ನನ್ನ ಒಂದು ನಾಝಲ್ ಹಾಗೆಯೇ ಹಾಳಾಯಿತು. ಹಿಡಿಸೂಡಿ (ಪೊರಕೆ) ಕಡ್ಡಿ ದಪ್ಪವಾಗುತ್ತದೆ. ಗಾಳ ಹಾಕುವ ನೈಲಾನ್ ದಾರ ಉಂಟಲ್ವಾ, ಸಪೂರದ್ದು, ಅದನ್ನು ಒಂದು ಗೇಣು ಕತ್ತರಿಸಿ ಮೆಲ್ಲನೆ ತೂರಿಸಿ. ಮೆತ್ತಗಿರುತ್ತದೆ, ಪ್ಲಾಸ್ಟಿಕ್ ಕೀಳುವುದಿಲ್ಲ.

ಅದಕ್ಕೆ ಮೊದಲು ನೆನೆಸಬೇಕು. ಕೆಂಪು ಗಸಿಗೆ ವಿನೆಗರಿಗಿಂತ ಸಿಟ್ರಿಕ್ ಆಸಿಡ್ ಒಳ್ಳೆಯದು. ಅಡುಗೆಗೆ ಬಳಸುವ ಪುಡಿಯೇ, ಕೆಲವರು ನಿಂಬೆ ಉಪ್ಪು ಅನ್ನುತ್ತಾರೆ. 1 ಲೀಟರ್ ಬೆಚ್ಚಗಿನ ನೀರಿಗೆ 20 ಗ್ರಾಂ ಹಾಕಿ. ನಾಝಲ್ ಬಿಚ್ಚಲು ಬಂದರೆ ಅರ್ಧ ಗಂಟೆ ಮುಳುಗಿಸಿಡಿ. ಉಳಿದದ್ದನ್ನು ಟ್ಯಾಂಕಿಗೆ ಹಾಕಿ, ನಾಝಲಿನಿಂದ ಬರುವವರೆಗೆ ಓಡಿಸಿ, ಇಪ್ಪತ್ತು ನಿಮಿಷ ಹಾಗೇ ಬಿಡಿ. ಆಮೇಲೆ ಎರಡು ಟ್ಯಾಂಕ್ ಬರೇ ನೀರು ಓಡಿಸಿ. ಇದನ್ನೆಲ್ಲ ಕಾರ್ಪೆಟ್ ಮೇಲೆ ಮಾಡಬೇಡಿ, ಬಚ್ಚಲಿನಲ್ಲಿ ಮಾಡಿ. ಬ್ಲೀಚ್ ಜೊತೆ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಬರುತ್ತದೆ.

ಅಂದ ಹಾಗೆ ಸಂತೆಕಟ್ಟೆ ಅಣ್ಣಾ, ನನ್ನದರಲ್ಲಿ ಬ್ರಷ್ ತಿರುಗುವುದು ನಿಂತಿದೆ. ಬೆಲ್ಟ್ ಎಲ್ಲಿ ಸಿಗುತ್ತದೆ?

ಸಂತೆಕಟ್ಟೆ ರಿಪೇರಿ · ಬುಧವಾರ ರಾತ್ರಿ 8:40

ಬೆಲ್ಟ್ ಹುಡುಕುವ ಮೊದಲು ಬ್ರಷಿನ ಎರಡು ತುದಿ ನೋಡಿ. ಕೂದಲು ಸುತ್ತಿ ಸುತ್ತಿ ಅಲ್ಲಿ ಬಿಗಿಯಾಗುತ್ತದೆ, ಬೆಲ್ಟ್ ಜಾರುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಕೊಯ್ದು ತೆಗೆಯಿರಿ. ಬ್ರಷನ್ನು ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಬೆಲ್ಟೇ ತುಂಡಾಗಿದ್ದರೆ ಅದರ ಮೇಲೆ ಅಕ್ಷರ, ಅಂಕಿ ಅಚ್ಚಾಗಿರುತ್ತದೆ, ಬರೆದುಕೊಳ್ಳಿ. ಹಲ್ಲಿನ ಬೆಲ್ಟ್ ಆದರೆ ಹಲ್ಲು ಎಣಿಸಿ, ಅಗಲ ಅಳೆಯಿರಿ, ಎರಡು ಹಲ್ಲಿನ ನಡುವಿನ ಅಂತರ ನೋಡಿ. ಈ ಮೂರು ಕೂಡಿದರೆ ಬೇರಿಂಗ್, ಬೆಲ್ಟ್ ಮಾರುವ ಅಂಗಡಿಯಲ್ಲೇ ಸಿಗುವ ಸಾಧ್ಯತೆ ಉಂಟು. ಮೆಷಿನಿನ ಕಂಪನಿಯೇ ಆಗಬೇಕೆಂದಿಲ್ಲ.

ಬಿಜೈ ಟೀಚರ್ · ಶುಕ್ರವಾರ ಬೆಳಿಗ್ಗೆ 11:00

ನಿನ್ನೆ ಸಿಟ್ರಿಕ್ ಆಸಿಡ್ ಹಾಕಿದೆ. ಬಚ್ಚಲಿಗೆ ಬಂದ ನೀರು ಮೊದಲು ಚಹಾದ ಬಣ್ಣ, ಆಮೇಲೆ ತಿಳಿ. ಪಕ್ಕದ ಮನೆಯ ಹುಡುಗ ಅವನ ಗಾಳದ ದಾರ ಕೊಟ್ಟ. ಈಗ ಎರಡು ನಾಝಲೂ ಒಂದೇ ಸಮ ಹರಡುತ್ತವೆ.

ಇವತ್ತು ಹಾಲ್‌ನ ಒಂದು ಮೂಲೆಯಲ್ಲಿ ಬರೇ ನೀರಿನಿಂದ ತೊಳೆದೆ. ಟ್ಯಾಂಕಿಗೆ ಬಂದ ನೀರು ನೋಡಿ ಗಾಬರಿಯಾಯಿತು. ಕಪ್ಪು, ಮೇಲೆ ಬಿಳಿ ನೊರೆ. ಸೋಪು ಹಾಕದೆಯೇ ಅಷ್ಟು ನೊರೆ. ಐದು ತಿಂಗಳು ಅದು ಕಾರ್ಪೆಟಿನಲ್ಲೇ ಇತ್ತಲ್ಲ. ಪೂರ್ತಿ ತೊಳೆಯುವ ಮೊದಲು ಒಂದು ಪ್ರಶ್ನೆ. ಒಣಗಿಸುವುದು ಹೇಗೆ? ಹೊರಗೆ ಈಗಲೂ ಸಂಜೆ ಗುಡುಗು ಮಳೆ ಬರುತ್ತದೆ.

ಮಣಿಪಾಲ ಹೌಸ್‌ಕೀಪಿಂಗ್ · ಶುಕ್ರವಾರ ಮಧ್ಯಾಹ್ನ 2:30

ಒಣಗುವುದು ಶುರುವಾಗುವುದು ಮೆಷಿನಿನಲ್ಲೇ. ನೀರು ಬಿಡುತ್ತಾ ಒಂದು ಸಲ ಹೋದರೆ, ಬಟನ್ ಬಿಟ್ಟು ಬರೇ ಎಳೆಯುತ್ತಾ ಅದೇ ಜಾಗದಲ್ಲಿ ಮೂರು ನಾಲ್ಕು ಸಲ ನಿಧಾನ ಬನ್ನಿ. ಪಾರದರ್ಶಕ ಬಾಯಿಯಲ್ಲಿ ನೀರಿನ ಗೆರೆ ಕಾಣುವುದು ನಿಲ್ಲುವವರೆಗೆ ಎಳೆಯಬೇಕು. ಅವಸರ ಮಾಡಿದರೆ ಅಡಿಯವರೆಗೆ ನೆನೆಯುತ್ತದೆ.

ಚಂಡಿ ಕಾರ್ಪೆಟ್ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ನಮ್ಮ ಊರಿನ ಗಾಳಿಯಲ್ಲಿ ಅದಕ್ಕೆ ಬೇಗ ಆಸ್ಪದ. ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ, ಹತ್ತರೊಳಗೆ ಮುಗಿಸಿ. ಕಾರ್ಪೆಟನ್ನು ನೆಲದಿಂದ ಎತ್ತಿ ಎರಡು ಬೆಂಚಿನ ಮೇಲೆ ಹಾಕಿ, ಅಡಿಯಿಂದ ಟೇಬಲ್ ಫ್ಯಾನ್ ಬಿಡಿ. ಎಸಿ ಇದ್ದರೆ ಡ್ರೈ ಮೋಡಿನಲ್ಲಿಟ್ಟು ಬಾಗಿಲು ಮುಚ್ಚಿ. ಮೇಲೆ ಒಣಗಿದರೆ ಸಾಕೆಂದು ಹಾಸಬೇಡಿ, ಹಿಂಬದಿಯನ್ನು ಅಂಗೈಯಿಂದ ಮುಟ್ಟಿ ನೋಡಿ.

ಓದುವ ಬೇರೆಯವರಿಗೂ ಹೇಳುತ್ತೇನೆ. ನಾರಿನ ಮ್ಯಾಟ್, ಸೆಣಬಿನ ಜಮಖಾನೆ ಇದ್ದರೆ ಈ ಮೆಷಿನ್ ಮುಟ್ಟಿಸಬೇಡಿ. ನೆನೆದರೆ ಕಂದು ಕಲೆ ಏಳುತ್ತದೆ, ಹೋಗುವುದಿಲ್ಲ. ಉಣ್ಣೆ, ರೇಷ್ಮೆಯದ್ದಾದರೆ ಬಿಳಿ ಬಟ್ಟೆ ಒದ್ದೆ ಮಾಡಿ ಮೂಲೆಯಲ್ಲಿ ಒತ್ತಿ, ಬಣ್ಣ ಬಿಡುತ್ತದಾ ನೋಡಿ.

ಬಿಜೈ ಟೀಚರ್ · ಭಾನುವಾರ ಸಂಜೆ 7:10

ಮುಗಿಯಿತು. ನಿನ್ನೆ ಎಂಟಕ್ಕೆ ಶುರು ಮಾಡಿದೆ. ಐದು ಟ್ಯಾಂಕ್ ನೀರು ಬೇಕಾಯಿತು, ಎಲ್ಲ ತುಂಬೆಯ ನಳ್ಳಿ ನೀರು. ಕೊನೆಯ ಟ್ಯಾಂಕಿನಲ್ಲಿ ನೊರೆ ಇರಲಿಲ್ಲ. ಬೆಂಚಿನ ಮೇಲೆ ಹಾಕಿ ರಾತ್ರಿಯಿಡೀ ಫ್ಯಾನ್ ಬಿಟ್ಟೆ. ಇವತ್ತು ಮಧ್ಯಾಹ್ನ ಹಿಂಬದಿ ಮುಟ್ಟಿದರೆ ಒಣಗಿತ್ತು. ಮೂಗು ಹತ್ತಿರ ಇಟ್ಟು ನೋಡಿದೆ, ಯಾವ ವಾಸನೆಯೂ ಇಲ್ಲ. ಅಂಚಿನ ನೀಲಿ ಹೂವು ಇಷ್ಟು ನೀಲಿ ಎನ್ನುವುದೇ ಮರೆತುಹೋಗಿತ್ತು.

ಇನ್ನು ಮುಂದೆ ಮೆಷಿನನ್ನು ಹೇಗಿಡಲಿ? ಪುನಃ ಹೀಗಾಗಬಾರದು.

ಸಂತೆಕಟ್ಟೆ ರಿಪೇರಿ · ಭಾನುವಾರ ರಾತ್ರಿ 8:30

ಪ್ರತಿ ಸಲ ಕೆಲಸ ಮುಗಿದ ಮೇಲೆ ಅರ್ಧ ಟ್ಯಾಂಕ್ ಬರೇ ನಳ್ಳಿ ನೀರು ಓಡಿಸಿ. ಪೈಪಿನಿಂದಲೂ ಸ್ವಲ್ಪ ನೀರು ಎಳೆಸಿ, ಆಮೇಲೆ ಎರಡು ನಿಮಿಷ ಗಾಳಿ ಎಳೆಸಿ. ಟ್ಯಾಂಕಿನಲ್ಲಿ ನೀರಿಲ್ಲದೆ ಬಟನನ್ನು ಹತ್ತು ಸೆಕೆಂಡ್ ಒತ್ತಿ, ಟ್ಯೂಬಿನಲ್ಲಿ ಉಳಿದದ್ದು ಹೊರಗೆ ಬರುತ್ತದೆ. ಎರಡು ಟ್ಯಾಂಕನ್ನೂ ಮುಚ್ಚಳ ತೆಗೆದು ಬೋರಲು ಹಾಕಿ ಎರಡು ದಿನ ಒಣಗಿಸಿ. ಪೈಪನ್ನು ಸುರುಳಿ ಸುತ್ತಬೇಡಿ, ಉದ್ದಕ್ಕೆ ತೂಗುಹಾಕಿ, ಮಡಿಚಿದ ಜಾಗದಲ್ಲಿ ನೀರು ನಿಂತು ನಾರುತ್ತದೆ. ಅಟ್ಟ ಬೇಡ, ಒಳಗಿನ ಕೋಣೆಯಲ್ಲಿಡಿ. ಮುಚ್ಚಳವನ್ನು ಬಿಗಿ ಹಾಕದೆ ಸುಮ್ನೆ ಮೇಲೆ ಇಡಿ, ಗ್ಯಾಸ್ಕೆಟ್ ಒತ್ತಿಕೊಂಡೇ ಇರುವುದು ತಪ್ಪುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒಂದು ಲೋಟ ನೀರು ಹಾಕಿ ಓಡಿಸಿ, ಪಂಪಿನ ರಬ್ಬರ್ ಅಂಟಿಕೊಳ್ಳುವುದಿಲ್ಲ.

ಯಾವತ್ತಾದರೂ ಸುಟ್ಟ ವಾಸನೆ ಬಂದು, ಗಾಳಿ ಬರುವ ಕಿಂಡಿಯಲ್ಲಿ ಕಿಡಿ ಜಾಸ್ತಿ ಕಂಡರೆ ಅದು ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಸವೆದದ್ದು. ಮಿಕ್ಸಿಗೆ ಹಾಕುವ ಹಾಗೆಯೇ ಇದಕ್ಕೂ ಬದಲಿಸಬಹುದು. ಆವಾಗ ನನ್ನ ಹತ್ತಿರ ತನ್ನಿ.

ಕುಂದಾಪುರದವ · ಸೋಮವಾರ ಬೆಳಿಗ್ಗೆ 8:15

ಅಣ್ಣಾ, ಬ್ರಷಿನ ಎರಡು ತುದಿಯಿಂದ ಒಂದು ಹಿಡಿ ಕೂದಲು ಬಂತು. ಬೆಲ್ಟ್ ಸರಿಯೇ ಇತ್ತು. ಈಗ ತಿರುಗುತ್ತದೆ. ಟೀಚರ್, ನೀವು ಹಾಕಿದ ಸಿಲಿಕೋನ್ ಕಾರ್ಡ್ ಎಷ್ಟು ದಪ್ಪದ್ದು? ನನ್ನ ಮುಚ್ಚಳವೂ ಸಡಿಲ ಕಾಣುತ್ತದೆ.

ಬಿಜೈ ಟೀಚರ್ · ಸೋಮವಾರ ಬೆಳಿಗ್ಗೆ 9:05

5 ಮಿಲಿಮೀಟರ್. ಬಂದರು ಪೇಟೆಯಲ್ಲಿ ಸಿಕ್ಕಿತು. ಒಂದೂವರೆ ಮೀಟರ್ ತೆಗೊಂಡೆ, ಅರ್ಧ ಮೀಟರಿನಷ್ಟು ಉಳಿದಿದೆ. ನಿಮ್ಮ ಮುಚ್ಚಳದ ತಗ್ಗಿನ ಅಳತೆ ನೋಡಿ ಹೇಳಿ. ಅದೇ ದಪ್ಪ ಆಗುವುದಾದರೆ ಕಳಿಸಿಕೊಡುತ್ತೇನೆ.